ಅಂಗಳಕ್ಕೆ ಸೂರಕ್ಕಿ ಬರಬೇಕೆ? ಸಕ್ಕರೆ ನೀರಿನ ಬಾಟಲಿ ಇಳಿಸಿ, ಈ ಕ್ರಮದಲ್ಲಿ ಕೆಲಸ ಮಾಡಿ

ಅಮೆರಿಕದ ವಿಡಿಯೊ ನೋಡಿ, ಆನ್‌ಲೈನಿನಲ್ಲಿ ಕೆಂಪು ಪ್ಲಾಸ್ಟಿಕ್ ಬಾಟಲಿ ತರಿಸಿ, ಸಕ್ಕರೆ ನೀರು ತುಂಬಿ ಸಿಟೌಟಿನಲ್ಲಿ ತೂಗುಹಾಕಿದವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಹಮ್ಮಿಂಗ್ ಬರ್ಡ್ ಬರಲಿಲ್ಲ, ಇರುವೆ ಬಂತು, ರಾತ್ರಿ ಬಾವಲಿ ಬಂತು, ಮೂರನೆಯ ದಿನ ನೀರು ಹುಳಿ ನಾತ ಹೊಡೆಯಿತು. ಇನ್ನು ಕೆಲವರ ದೂರು ಇದಕ್ಕಿಂತ ಬೇಸರದ್ದು. ಹಕ್ಕಿ ತಾನಾಗಿಯೇ ಬಂದು ಬಾಗಿಲ ಎದುರು ಗೂಡು ಕಟ್ಟಿ ಮೊಟ್ಟೆಯನ್ನೂ ಇಟ್ಟಿತು, ಆಮೇಲೆ ಒಂದು ದಿನ ಬಿಟ್ಟುಹೋಯಿತು. ಹಕ್ಕಿ ಯಾವುದೆಂದು ತಿಳಿಯದೆ ಕೆಲಸ ಆರಂಭಿಸುವುದು ಮತ್ತು ಕೊನೆಗೆ ಮಾಡಬೇಕಾದುದನ್ನು ಮೊದಲು ಮಾಡುವುದು, ಈ ಎರಡು ತಪ್ಪುಗಳೇ ಬಹುಪಾಲು ಸೋಲಿಗೆ ಕಾರಣವಾಗುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಅನುಕ್ರಮದಲ್ಲಿ ಅನುಸರಿಸಬೇಕೆಂದು ವಿನಂತಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ನೋಟ್ ಪುಸ್ತಕ, ಸಾಧ್ಯವಿದ್ದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು, ಗಿಡ ಸವರುವ ಕತ್ತರಿ, ಸ್ವಲ್ಪ ಸುಡುಮಣ್ಣು ಮತ್ತು ಹಟ್ಟಿಗೊಬ್ಬರ, ತುಂತುರು ಬರುವಂತಹ ನೀರಿನ ಪೈಪು, ಎರಡು ಹಳೆಯ ಬಟ್ಟೆ ಚೀಲ, ಒಂದು ತೆಂಗಿನ ಗೆರಟೆ, ಒಂದಿಷ್ಟು ನಾರಿನ ಹಗ್ಗ. ಗೆರಟೆ ಏಕೆ ಎಂಬುದು ಒಂಬತ್ತನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಹಕ್ಕಿ ಯಾವುದೆಂದು ಖಚಿತಪಡಿಸಿಕೊಳ್ಳುವುದು

ಹಮ್ಮಿಂಗ್ ಬರ್ಡ್ ಅಥವಾ ಝೇಂಕಾರದ ಹಕ್ಕಿಗಳಲ್ಲಿ ಸುಮಾರು 360 ಪ್ರಭೇದಗಳಿವೆ, ಮತ್ತು ಅವೆಲ್ಲವೂ ಉತ್ತರ ಹಾಗೂ ದಕ್ಷಿಣ ಅಮೆರಿಕ ಖಂಡಗಳಿಗೆ, ಅವುಗಳ ಸುತ್ತಲಿನ ದ್ವೀಪಗಳಿಗೆ ಮಾತ್ರ ಸೇರಿದವು. ಭಾರತದ ಕಾಡಿನಲ್ಲಾಗಲಿ ತೋಟದಲ್ಲಾಗಲಿ ಒಂದೂ ಇಲ್ಲ. ನಮ್ಮ ದಾಸವಾಳದ ಮೇಲೆ ಕಾಣಿಸುವ, ಬಾಗಿದ ಕೊಕ್ಕಿನ ಮಿನುಗುವ ಪುಟ್ಟ ಹಕ್ಕಿ ಸೂರಕ್ಕಿ. ಎರಡೂ ಮಕರಂದ ಹೀರುತ್ತವೆ ಮತ್ತು ಎರಡರ ಗರಿಯೂ ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆಯಾದರೂ ಇವು ಹತ್ತಿರದ ನೆಂಟರಲ್ಲ. ಝೇಂಕಾರದ ಹಕ್ಕಿಯ ನಿಜವಾದ ನೆಂಟ ನಮ್ಮ ಆಕಾಶದಲ್ಲಿ ದಿನವಿಡೀ ಸುತ್ತುವ, ಇಂಗ್ಲಿಷಿನಲ್ಲಿ ಸ್ವಿಫ್ಟ್ ಎನ್ನುವ ಬಾನಾಡಿ. ಸೂರಕ್ಕಿಯಾದರೋ ಕಾಗೆ, ಗುಬ್ಬಿಗಳಿರುವ ದೊಡ್ಡ ಗಣದ್ದು.

ಈ ವ್ಯತ್ಯಾಸ ಪುಸ್ತಕದ ಮಾತು ಮಾತ್ರವಲ್ಲ, ನಿಮ್ಮ ಬಾಟಲಿ ಸೋತದ್ದು ಇದರಿಂದಲೇ. ಝೇಂಕಾರದ ಹಕ್ಕಿ ತನ್ನ ರೆಕ್ಕೆಯನ್ನು ಭುಜದ ಕೀಲಿನಲ್ಲಿ ತಿರುಗಿಸಿ, ಇಂಗ್ಲಿಷ್ ಎಂಟರ ಅಂಕಿಯಂತೆ ಬೀಸುತ್ತದೆ. ರೆಕ್ಕೆ ಮುಂದಕ್ಕೆ ಬಂದಾಗಲೂ ಹಿಂದಕ್ಕೆ ಹೋದಾಗಲೂ ದೇಹಕ್ಕೆ ಆಧಾರ ಸಿಗುವುದರಿಂದ ಅದು ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲದು, ಹಿಂದಕ್ಕೂ ಹಾರಬಲ್ಲದು. ಅದರ ಕಾಲು ಕೊಂಬೆ ಹಿಡಿಯಲು ಸಾಕು, ನಡೆಯಲು ಸಾಲದು. ಸೂರಕ್ಕಿಗೆ ಗಾಳಿಯಲ್ಲಿ ನಿಲ್ಲುವ ಕಲೆ ಕೆಲವು ಕ್ಷಣಗಳ ಮಟ್ಟಿಗೆ ಮಾತ್ರ ಗೊತ್ತು. ಅದು ಹೂವಿನ ತೊಟ್ಟನ್ನೋ ಪಕ್ಕದ ಕಡ್ಡಿಯನ್ನೋ ಗಟ್ಟಿಯಾಗಿ ಹಿಡಿದು, ಬೇಕಾದರೆ ತಲೆಕೆಳಗಾಗಿ ಜೋತು, ಕೂತೇ ಹೀರುತ್ತದೆ. ಕೂರಲು ಕಡ್ಡಿಯೇ ಇಲ್ಲದ ಬಾಟಲಿ ಅದರ ಪಾಲಿಗೆ ಬಾಗಿಲಿಲ್ಲದ ಮನೆ.

ಮಂಗಳೂರು, ಉಡುಪಿ ಕಡೆ ಮನೆಯಂಗಳದಲ್ಲಿ ಅತಿ ಸಾಮಾನ್ಯವಾಗಿ ಕಾಣುವುದು ಹಳದಿ ಹೊಟ್ಟೆಯ ಸೂರಕ್ಕಿ. ಗಂಡಿಗೆ ನೆತ್ತಿಯಲ್ಲಿ ಹಸಿರು ಮಿನುಗು, ಬೆನ್ನು ಕಂದುಗೆಂಪು, ಹೊಟ್ಟೆ ಹಳದಿ. ಹೆಣ್ಣಿನ ಗಂಟಲು ಬಿಳಿಚು, ಎದೆ ಹಳದಿ. ಎರಡನೆಯದು ಊದಾ ಸೂರಕ್ಕಿ. ಗಂಡು ದೂರಕ್ಕೆ ಅಪ್ಪಟ ಕಪ್ಪು, ಬಿಸಿಲಿಗೆ ಬಂದರೆ ನೀಲಿ-ನೇರಳೆ. ಮರಿ ಮಾಡುವ ಕಾಲ ಮುಗಿದ ಮೇಲೆ ಅದೇ ಗಂಡು ಹೆಣ್ಣಿನಂತೆ ಹಳದಿಯಾಗಿ, ಎದೆಯ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುವುದರಿಂದ ಅನೇಕರು ಅದನ್ನು ಬೇರೆ ಹಕ್ಕಿಯೆಂದು ಬರೆದುಕೊಳ್ಳುತ್ತಾರೆ. ಕೊಕ್ಕು ಎದ್ದು ಕಾಣುವಷ್ಟು ಉದ್ದವಾಗಿ ಬಾಗಿದ್ದರೆ ಅದು ಉದ್ದ ಕೊಕ್ಕಿನ ಸೂರಕ್ಕಿ. ಕಾರ್ಕಳ, ಹೆಬ್ರಿಯಂತೆ ಘಟ್ಟದ ಬುಡಕ್ಕೆ ಹತ್ತಿರವಿರುವವರು ಪಶ್ಚಿಮ ಘಟ್ಟಕ್ಕೇ ಸೀಮಿತವಾದ, ಕಡುಗೆಂಪು ಬೆನ್ನಿನ ಕಿರು ಸೂರಕ್ಕಿಯನ್ನೂ ನಿರೀಕ್ಷಿಸಬಹುದು.

ಮೋಸಹೋಗುವ ಇನ್ನೊಂದು ಜಾಗವಿದೆ. ಸಂಜೆ ಹೊತ್ತು ಹೂವಿನ ಮುಂದೆ ರೆಕ್ಕೆಯೇ ಕಾಣದಂತೆ ಗುಂಯ್‌ಗುಡುತ್ತ ನಿಂತದ್ದು ನಿಜವಾದ ಹಮ್ಮಿಂಗ್ ಬರ್ಡ್ ಎಂದು ಫೋಟೊ ಸಮೇತ ವಾದಿಸುವವರಿದ್ದಾರೆ. ಆ ಫೋಟೊವನ್ನು ಹಿಗ್ಗಿಸಿ ನೋಡಿ: ತಲೆಯಲ್ಲಿ ಎರಡು ಮೀಸೆ, ಕೊಕ್ಕಿನ ಬದಲು ಸುರುಳಿ ಬಿಚ್ಚಿದ ದಾರದಂತಹ ಸೊಂಡಿಲು, ಆರು ಕಾಲು ಕಂಡರೆ ಅದು ಹಗಲು ಹಾರುವ ಪತಂಗ.

ಹಂತ 2: ಒಂದು ತಿಂಗಳು ವಿಷ ಮತ್ತು ಪೊರಕೆ ನಿಲ್ಲಿಸುವುದು

ಗಿಡ ನೆಡುವುದಕ್ಕೆ ಮೊದಲು ಮಾಡಬೇಕಾದ ಈ ಕೆಲಸವನ್ನೇ ಎಲ್ಲರೂ ಬಿಟ್ಟುಬಿಡುವುದು. ಮಕರಂದದಲ್ಲಿ ಶಕ್ತಿಯಿದೆ, ಮೈ ಬೆಳೆಯಲು ಬೇಕಾದ ಪ್ರೋಟೀನು ತೀರ ಕಡಿಮೆ. ಸೂರಕ್ಕಿಯಾಗಲಿ ಝೇಂಕಾರದ ಹಕ್ಕಿಯಾಗಲಿ ಮರಿಗಳಿಗೆ ಮುಖ್ಯವಾಗಿ ತಂದು ಉಣಿಸುವುದು ಜೇಡ, ನೊಣ, ಸಣ್ಣ ಹುಳುಗಳನ್ನು. ಹುಳುವಿಲ್ಲದ ಅಂಗಳಕ್ಕೆ ಹಕ್ಕಿ ಹೂವಿಗಾಗಿ ಬಂದು ಹೋದೀತೇ ಹೊರತು ಸಂಸಾರ ಹೂಡುವುದಿಲ್ಲ.

ಆದ್ದರಿಂದ ಹೂಗಿಡಗಳಿಗೆ ಕೀಟನಾಶಕ ಸಿಂಪಡಿಸುವುದನ್ನು ಪೂರ್ತಿ ನಿಲ್ಲಿಸಬೇಕು. ಹಿಟ್ಟು ತಿಗಣೆ ಹತ್ತಿದ ದಾಸವಾಳದ ಕುಡಿಯನ್ನು ಕತ್ತರಿಸಿ ತೆಗೆದರೆ ಅಥವಾ ನೀರಿನ ರಭಸಕ್ಕೆ ತೊಳೆದರೆ ಸಾಕು. ಶಂಕರಪುರದ ಕಡೆಯಂತೆ ಮನೆಯೆದುರೇ ಮಲ್ಲಿಗೆ ಬೆಳೆದು ಮಾರುವವರಿಗೆ ಸಿಂಪರಣೆ ತಪ್ಪಿಸಲಾಗದಿದ್ದರೆ, ಹಕ್ಕಿಗಾಗಿ ನೆಡುವ ಗಿಡಗಳನ್ನು ಮನೆಯ ಇನ್ನೊಂದು ಮಗ್ಗುಲಿಗೆ, ಗಾಳಿ ಬೀಸುವ ದಿಕ್ಕು ನೋಡಿ ದೂರ ಇಡಬೇಕು.

ಇನ್ನು ಪೊರಕೆಯ ವಿಚಾರ. ಸೂರಕ್ಕಿಯ ಗೂಡು ನಿಂತಿರುವುದೇ ಜೇಡರ ಬಲೆಯ ಮೇಲೆ. ನಾರು, ತರಗು, ತೊಗಟೆಯ ಚೂರುಗಳನ್ನೆಲ್ಲ ಬೆಸೆಯುವ ಅಂಟು ಅದು. ಅಷ್ಟಮಿ, ಚೌತಿ ಬಂತೆಂದು ಮಾಡಿನ ಮೂಲೆಮೂಲೆಯನ್ನೂ ಗುಡಿಸಿ ಹೊಳಪಿಸುವ ಮನೆಗೆ ಹಕ್ಕಿ ಏಕೆ ಬರುತ್ತಿಲ್ಲವೆಂದು ಕೇಳಿದರೆ ಉತ್ತರ ಪೊರಕೆಯಲ್ಲಿದೆ. ಒಳಮನೆಯನ್ನು ಹೇಗೆ ಬೇಕಾದರೂ ಗುಡಿಸಿಕೊಳ್ಳಿ. ಹಿತ್ತಿಲ ಕಡೆಯ ಮಾಡಿನ ಅಂಚು, ಪಂಪ್ ಶೆಡ್ಡು, ಕಟ್ಟಿಗೆ ಕೊಟ್ಟಿಗೆ, ಬೇಲಿಯ ಸಂದುಗಳಲ್ಲಿ ಬಲೆಗಳನ್ನು ಹಾಗೆಯೇ ಬಿಡಬೇಕು. ಮನೆಯ ಹಿರಿಯರನ್ನು ಇದಕ್ಕೆ ಒಪ್ಪಿಸುವುದು ಈ ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಕಠಿಣವಾದ ಹಂತವೆಂಬುದು ನನ್ನ ಅನುಭವ.

ಹಂತ 3: ಏಳು ದಿನ ಸುಮ್ಮನೆ ನೋಡುವುದು

ಬೆಳಿಗ್ಗೆ ಆರೂವರೆಯಿಂದ ಎಂಟರ ನಡುವೆ ಅರ್ಧ ಗಂಟೆ ಒಂದೇ ಜಾಗದಲ್ಲಿ ಕೂತು, ಹಕ್ಕಿ ಯಾವ ದಿಕ್ಕಿನಿಂದ ಬರುತ್ತದೆ, ಮೊದಲು ಯಾವ ಕೊಂಬೆಯ ಮೇಲೆ ಕೂರುತ್ತದೆ, ಯಾವ ಹೂವಿಗೆ ಹೋಗುತ್ತದೆ ಎಂಬ ಮೂರನ್ನು ಬರೆದುಕೊಳ್ಳಬೇಕು. ಕಣ್ಣಿಗೆ ಬೀಳುವ ಮೊದಲೇ ಚುರುಕಾದ ‘ಟ್ಸಿಟ್ ಟ್ಸಿಟ್’ ದನಿ ಕಿವಿಗೆ ಬೀಳುತ್ತದೆ. ಗಂಡು ದಿನವೂ ಒಂದೇ ಒಣ ಕಡ್ಡಿಯ ತುದಿಯಲ್ಲಿ ಕೂತು ಕೂಗುತ್ತಿದ್ದರೆ ಆ ಕಡ್ಡಿ ಅದರ ಕಾವಲು ಜಾಗ. ನಾನು ಮೊದಲ ವರ್ಷ ಅಂತಹ ಒಣಗಿದ ಪೇರಳೆ ಕೊಂಬೆಯನ್ನು ಚಂದ ಕಾಣುವುದಿಲ್ಲವೆಂದು ಸವರಿ ಹಾಕಿ, ಮುಂದಿನ ಮೂರು ವಾರ ಖಾಲಿ ಗಿಡ ನೋಡುತ್ತ ಕೂತಿದ್ದೆ.

ಹಂತ 4: ಗಿಡ ಆರಿಸಿ ನೆಡುವುದು

ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಹೂವು ಇರಬೇಕೆಂಬುದು ಇಲ್ಲಿನ ಗುರಿ. ಒಂದೇ ಬಗೆಯ ಹತ್ತು ಗಿಡಕ್ಕಿಂತ ಬೇರೆ ಬೇರೆ ಕಾಲಕ್ಕೆ ಹೂಬಿಡುವ ನಾಲ್ಕು ಗಿಡ ಮೇಲು.

ಆಧಾರದ ಗಿಡ ದಾಸವಾಳ. ಪದರ ಪದರವಾಗಿ ಅರಳುವ ಜಾತಿ ದೇವರಿಗೆ ಚಂದ. ಹಕ್ಕಿಗೆ ಬೇಕಾದುದು ಒಂದೇ ಸುತ್ತು ಎಸಳಿನ ಹಳೆಯ ಕೆಂಪು ದಾಸವಾಳ. ಸೂರಕ್ಕಿ ಅನೇಕ ಸಲ ಹೂವಿನ ಬಾಯಿಯಿಂದ ಒಳಗೆ ಹೋಗದೆ, ಬುಡಕ್ಕೆ ಬಂದು ಕೊಕ್ಕಿನಿಂದ ತೂತು ಮಾಡಿ ಮಕರಂದ ಕದಿಯುತ್ತದೆ. ಹೂವಿನ ಬುಡದಲ್ಲಿ ಸಣ್ಣ ಸೀಳು ಕಂಡರೆ ಹುಳದ ಹಾವಳಿಯೆಂದು ಮದ್ದು ಹೊಡೆಯಲು ಹೊರಡಬೇಡಿ, ಅದು ಹಕ್ಕಿ ಬಂದು ಹೋದ ಗುರುತು. ಎರಡನೆಯದು ನರ್ಸರಿಗಳಲ್ಲಿ ಹ್ಯಾಮೇಲಿಯ ಎಂದು ಸಿಗುವ, ಕಿತ್ತಳೆಗೆಂಪು ಕೊಳವೆ ಹೂವಿನ ಪೊದೆ. ಅದು ಅಮೆರಿಕದ ಉಷ್ಣ ಪ್ರದೇಶದ ಗಿಡ, ತವರಿನಲ್ಲಿ ಅದಕ್ಕೆ ಬರುವುದು ಝೇಂಕಾರದ ಹಕ್ಕಿ. ಇಲ್ಲಿ ಆ ಕೆಲಸವನ್ನು ಸೂರಕ್ಕಿ ವಹಿಸಿಕೊಂಡಿದೆ. ಇವುಗಳ ಜೊತೆಗೆ ರತ್ನಗಂಧಿ, ನಮ್ಮದೇ ಆದ ಕೇಪಳ, ಜಾಗವಿದ್ದರೆ ಧಾತಕಿ. ಕರಿಮೆಣಸು ಹಬ್ಬಿಸಲು ಹಾಲಿವಾಣ ನೆಟ್ಟಿದ್ದರೆ ಎಲೆ ಉದುರಿದ ಬೇಸಗೆಯ ಮೊದಲ ತಿಂಗಳುಗಳಲ್ಲಿ ಅದರ ಕೆಂಪು ಗೊಂಚಲಿಗೆ ಸೂರಕ್ಕಿಗಳ ಸಾಲೇ ಬರುತ್ತದೆ. ಹೂಬಿಡುವ ಮೊದಲೇ ಕೊಂಬೆ ಸವರದಿದ್ದರೆ ಸಾಕು.

ಬಾಳೆಯನ್ನು ಮರೆಯುವವರೇ ಹೆಚ್ಚು. ಪೂಂಬೆಯ ಹಾಳೆ ಒಂದೊಂದಾಗಿ ಮೇಲೇಳುವಾಗ ಒಳಗಿನ ಹೂಸಾಲಿನಲ್ಲಿ ಮಕರಂದ ತುಂಬಿರುತ್ತದೆ. ಕಾಯಿ ಕಟ್ಟಿದ ಕೂಡಲೇ ಪಲ್ಯಕ್ಕೋ ಚಟ್ನಿಗೋ ಪೂಂಬೆ ಮುರಿಯುವುದು ನಮ್ಮ ಅಭ್ಯಾಸ. ಐದು ಬಾಳೆಯಿದ್ದರೆ ನಾಲ್ಕರ ಪೂಂಬೆ ಅಡುಗೆ ಮನೆಗೆ ಹೋಗಲಿ, ಒಂದನ್ನು ಹಕ್ಕಿಗೆ ಬಿಡಿ.

ಮಾವಿನ ಮರದ ಬಂದಳಿಕೆಯನ್ನು ಕುರಿತು ಒಂದು ಮಾತು. ಅದು ಮರದ ಸತ್ವ ಹೀರುವುದು ನಿಜ, ಫಲ ಕೊಡುವ ಕಸಿ ಮರದಿಂದ ತೆಗೆಯಲೇಬೇಕು. ಆದರೆ ಹಿತ್ತಿಲಿನ ಯಾವುದೋ ಕಾಟು ಮಾವಿನಲ್ಲಿ ಒಂದೆರಡು ಗೊಂಚಲು ಉಳಿದರೆ ಅದರ ಹೂವಿಗೆ ಸೂರಕ್ಕಿಯೂ ಹಣ್ಣಿಗೆ ಬದನಿಕೆ ಹಕ್ಕಿಯೂ ಬರುತ್ತವೆ.

ನೆಡುವ ಕಾಲ ಮುಂಗಾರಿನ ಮೊದಲ ಮಳೆಗಳು. ದಾಸವಾಳ ಮತ್ತು ಹ್ಯಾಮೇಲಿಯಕ್ಕೆ ಪೆನ್ಸಿಲ್ ದಪ್ಪದ, ಆರರಿಂದ ಎಂಟು ಇಂಚು ಉದ್ದದ ಬಲಿತ ತುಂಡು ಸಾಕು. ಮುರಕಲ್ಲಿನ ನೆಲವಾದರೆ ಒಂದೂವರೆ ಅಡಿ ಗುಂಡಿ ತೋಡಿ, ಸುಡುಮಣ್ಣು, ಹಟ್ಟಿಗೊಬ್ಬರ, ಮೇಲ್ಮಣ್ಣು ಬೆರೆಸಿ ತುಂಬಿ, ಬುಡವನ್ನು ಸುತ್ತಲಿನ ನೆಲಕ್ಕಿಂತ ತುಸು ಎತ್ತರಿಸಬೇಕು. ಇಲ್ಲವಾದರೆ ಜುಲೈ ಮಳೆಗೆ ಗುಂಡಿ ಬಾವಿಯಾಗಿ ಬೇರು ಕೊಳೆಯುತ್ತದೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಬಿಸಿಲು ಬೀಳುವುದಾದರೆ 15 ಇಂಚಿನ ಕುಂಡದಲ್ಲೂ ಹ್ಯಾಮೇಲಿಯ ಚೆನ್ನಾಗಿ ಬರುತ್ತದೆ. ಎಲ್ಲ ಗಿಡಗಳನ್ನೂ ಒಂದೇ ದಿನ ಸವರುವುದು ಇಲ್ಲಿನ ದೊಡ್ಡ ತಪ್ಪು. ಒಂದನ್ನು ಈ ತಿಂಗಳು, ಇನ್ನೊಂದನ್ನು ಮುಂದಿನ ತಿಂಗಳು ಸವರಿದರೆ ಹೂವು ತಪ್ಪುವುದಿಲ್ಲ.

ಹಂತ 5: ನೀರು

ಸೂರಕ್ಕಿಗೆ ಬೋಗುಣಿಯ ಸ್ನಾನ ಅಷ್ಟಾಗಿ ಒಗ್ಗದು. ಅದು ಅಗಲವಾದ ಎಲೆಯ ಮೇಲೆ ನಿಂತ ಹನಿಗಳಲ್ಲಿ ಮೈಯುಜ್ಜಿ ಮೀಯುತ್ತದೆ. ಮಾರ್ಚಿನಿಂದ ಮೇ ವರೆಗೆ ಬೆಳಿಗ್ಗೆ ಬಾಳೆ, ಅರಿಶಿನದಂತಹ ಗಿಡಗಳ ಎಲೆಗೆ ಪೈಪಿನಿಂದ ತುಂತುರು ಹಾಯಿಸಿ ದೂರ ಸರಿದರೆ ಕೆಲಸ ಮುಗಿಯಿತು.

ಹಂತ 6: ಬಾಟಲಿ ಬೇಕೇ ಬೇಕೆನ್ನುವವರಿಗೆ

ನನ್ನ ಸಲಹೆ ಬೇಡವೆಂದೇ. ಹಾರುವಾಗ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಎದೆ ಬಡಿದುಕೊಳ್ಳುವ ಝೇಂಕಾರದ ಹಕ್ಕಿಗೆ ಚಳಿನಾಡುಗಳಲ್ಲಿ ರಾತ್ರಿ ಕಳೆಯಲು ಮೈಯ ಬಿಸಿ ಇಳಿಸಿ ಜಡವಾಗಿ ಮಲಗಬೇಕಾಗುತ್ತದೆ. ಹೂವು ವಿರಳವಾದ ಅಂತಹ ಕಾಲದಲ್ಲಿ ಬಾಟಲಿಗೆ ಅರ್ಥವಿದೆ. ಕರಾವಳಿಯಲ್ಲಿ ಹೂವಿಲ್ಲದ ತಿಂಗಳೇ ಇಲ್ಲ.

ಆದರೂ ಇಡುವುದಾದರೆ ನಾಲ್ಕು ಲೋಟ ನೀರಿಗೆ ಒಂದು ಲೋಟ ಬಿಳಿ ಸಕ್ಕರೆ. ಜೇನು, ಬೆಲ್ಲ, ಕೆಂಪು ಬಣ್ಣ ಯಾವುದನ್ನೂ ಸೇರಿಸಬಾರದು. ನೀರು ಬೆರೆಸಿದ ಜೇನು ಬೇಗ ಹುದುಗುತ್ತದೆ, ಅದರಲ್ಲಿ ಬೂಷ್ಟು ಬೆಳೆಯುತ್ತದೆ. ಬಾಯಿಯ ಬಳಿ ಕೂರಲು ಒಂದು ಕಡ್ಡಿ ಕಟ್ಟಲೇಬೇಕು. ನಮ್ಮ ಸೆಕೆಗೆ ಈ ನೀರು ಒಂದು ದಿನಕ್ಕಿಂತ ಹೆಚ್ಚು ತಾಳುವುದಿಲ್ಲವಾದ್ದರಿಂದ ಸಂಜೆ ಚೆಲ್ಲಿ, ಬಿಸಿನೀರಿನಲ್ಲಿ ತೊಳೆದು, ಬೆಳಿಗ್ಗೆ ಹೊಸದು ತುಂಬಬೇಕು. ನೀರು ಮಸುಕಾಗಿದ್ದರೆ, ನೊರೆ ಬಂದಿದ್ದರೆ, ಬಾಯಿಯ ಸುತ್ತ ಕಪ್ಪು ಕಲೆ ಕಂಡರೆ ಆ ಬಾಟಲಿ ಹಕ್ಕಿಗೆ ರೋಗ ಹಂಚುವ ಪಾತ್ರೆಯಾಗಿದೆಯೆಂದೇ ತಿಳಿಯಿರಿ. ತುಡುವೆ ಜೇನು ಮುತ್ತಲಾರಂಭಿಸಿದರೆ ಒಂದು ವಾರ ಇಳಿಸಿಡಿ.

ಹಂತ 7: ಕನ್ನಡಿ ಮುಚ್ಚುವುದು

ಮರಿ ಮಾಡುವ ಕಾಲದಲ್ಲಿ ಗಂಡು ತನ್ನ ಗಡಿಯೊಳಗೆ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಕಾರಿನ ಪಕ್ಕದ ಕನ್ನಡಿಯಲ್ಲಿ, ಕಪ್ಪು ಗಾಜಿನ ಕಿಟಕಿಯಲ್ಲಿ ಕಂಡ ತನ್ನ ಬಿಂಬವನ್ನೇ ಎದುರಾಳಿಯೆಂದು ಭಾವಿಸಿ ದಿನಗಟ್ಟಲೆ ಕುಕ್ಕುತ್ತದೆ. ಮನೆಯವರು ಇದನ್ನು ಆಟವೆಂದು ವಿಡಿಯೊ ಮಾಡುತ್ತಾರೆ; ಹಕ್ಕಿಗಾದರೋ ಹೊಟ್ಟೆಗೆ ದುಡಿಯಬೇಕಾದ ಹೊತ್ತು ಯುದ್ಧಕ್ಕೆ ಹೋಗುತ್ತದೆ. ಕಾರು ನಿಲ್ಲಿಸಿದಾಗ ಎರಡೂ ಕನ್ನಡಿಗೆ ಬಟ್ಟೆ ಚೀಲ ಹಾಕುವುದು, ಕಿಟಕಿಯ ಹೊರಮೈಗೆ ಹಳೆಯ ಪಂಚೆಯನ್ನೋ ಕಾಗದವನ್ನೋ ಅಂಟಿಸುವುದು. ಒಳಗಿನ ಪರದೆ ಎಳೆದರೆ ಬಿಂಬ ಇನ್ನಷ್ಟು ಸ್ಪಷ್ಟವಾಗಬಹುದು, ಆದ್ದರಿಂದ ಹೊರಗಿನಿಂದಲೇ ಮುಚ್ಚಬೇಕು.

ಹಂತ 8: ಗೂಡು ಕಂಡ ದಿನದಿಂದ

ಝೇಂಕಾರದ ಹಕ್ಕಿ ಕೊಂಬೆಯ ಮೇಲೆ ಬಟ್ಟಲಿನಂತಹ ತೆರೆದ ಗೂಡು ಮಾಡುತ್ತದೆ, ಅಲ್ಲಿ ಗಂಡಿನ ನೆರವಿಲ್ಲದೆ ತಾಯಿಯೊಬ್ಬಳೇ ಮರಿ ಸಾಕುತ್ತಾಳೆ. ಸೂರಕ್ಕಿಯದು ತೂಗುವ ಚೀಲ: ಪಕ್ಕದಲ್ಲಿ ದುಂಡು ಬಾಗಿಲು, ಬಾಗಿಲ ಮೇಲೆ ಮಳೆ ತಡೆಯುವ ಸಣ್ಣ ಇಳಿಜಾರು, ಕೆಳಗೆ ಬಾಲದಂತೆ ಜೋತುಬಿದ್ದ ಕಸಕಡ್ಡಿ. ಮೊದಲ ನೋಟಕ್ಕೆ ಜೇಡರ ಬಲೆಗೆ ಸಿಕ್ಕಿದ ತರಗಿನಂತೆಯೇ ಇರುತ್ತದೆ, ಎಷ್ಟೋ ಗೂಡುಗಳು ಪೊರಕೆಗೆ ಹೋಗುವುದು ಹೀಗೆ. ಬಟ್ಟೆ ಒಣಹಾಕುವ ಹಗ್ಗ, ಕಾಲಿಂಗ್ ಬೆಲ್ಲಿನ ವೈರು, ತೂಗುಕುಂಡದ ಸರಪಳಿ, ತುಳಸಿಕಟ್ಟೆಯ ಪಕ್ಕದ ಪೊದೆಯ ತುದಿ, ಎಲ್ಲಿ ಬೇಕಾದರೂ ಕಟ್ಟೀತು. ಹಳದಿ ಹೊಟ್ಟೆಯ ಸೂರಕ್ಕಿ ವರ್ಷದ ಯಾವ ತಿಂಗಳಲ್ಲೂ ಕಟ್ಟಬಹುದು.

ಕಟ್ಟುವ ಹೊತ್ತು ಅತಿ ನಾಜೂಕಿನದು. ಮೊಟ್ಟೆ ಇಡುವ ಮೊದಲು ತೊಂದರೆ ಕಂಡರೆ ಹೆಣ್ಣು ಸುಲಭವಾಗಿ ಬಿಟ್ಟುಹೋಗುತ್ತದೆ. ಆ ಹಗ್ಗದಲ್ಲಿ ಬಟ್ಟೆ ಹಾಕುವುದು, ಹತ್ತಿರದ ಫ್ಯಾನು, ಬಣ್ಣ ಬಳಿಯುವುದು, ಬಾಗಿಲ ಬಳಿ ರಾತ್ರಿಯಿಡೀ ಉರಿಯುವ ದೀಪ ಎಲ್ಲವನ್ನೂ ಆ ದಿನವೇ ನಿಲ್ಲಿಸಬೇಕು.

ಸಾಮಾನ್ಯವಾಗಿ ಮೊಟ್ಟೆ ಎರಡು. ಹಳದಿ ಹೊಟ್ಟೆಯ ಸೂರಕ್ಕಿಯಲ್ಲಿ ಕಾವಿಗೆ 14ರಿಂದ 16 ದಿನ, ಮರಿ ಹೊರಬೀಳಲು ಮತ್ತೆ ಸುಮಾರು 17 ದಿನ. ಹೆಣ್ಣು ಬಾಗಿಲಿನಿಂದ ಕೊಕ್ಕು ಮಾತ್ರ ಹೊರಚಾಚಿ ಗಂಟೆಗಟ್ಟಲೆ ಕೂರಲಾರಂಭಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಐದು ವಾರ ಮನೆಯವರೆಲ್ಲ ಹಿಂಬಾಗಿಲನ್ನು ಬಳಸುವುದು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಫೋಟೊ ತೆಗೆಯುವವರು 20 ಅಡಿ ದೂರ ನಿಲ್ಲಬೇಕು, ಫ್ಲ್ಯಾಶ್ ಬಳಸಬಾರದು, ಹತ್ತು ನಿಮಿಷ ಮೀರಬಾರದು. ಚಂದದ ಚಿತ್ರಕ್ಕೆಂದು ಅಡ್ಡ ಬಂದ ಎಲೆ ಕತ್ತರಿಸಿದರೆ ಗೂಡು ಬಿಸಿಲಿಗೂ ಕಾಗೆ-ಕೆಂಬೂತಗಳ ಕಣ್ಣಿಗೂ ಬೀಳುತ್ತದೆ. ತಾಯಿ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡೇ ಪಕ್ಕದ ಕೊಂಬೆಯಲ್ಲಿ ಕೂತು ಬಿಡದೆ ಕೂಗುತ್ತಿದ್ದು, ಗೂಡಿನೊಳಗೆ ಹೋಗದಿದ್ದರೆ ನೀವು ಬಹಳ ಹತ್ತಿರ ಬಂದಿದ್ದೀರಿ. ಕೂಡಲೇ ಒಳಗೆ ಹೋಗಿ. ಬೆರಳು ಹಾಕಿ ಮೊಟ್ಟೆ ಎಣಿಸುವ ಚಪಲ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು. ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ಕೈಹಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯೂ ಇದೆ.

ಚಗಳಿ ಇರುವೆಗಳ ಸಾಲು ಗೂಡಿನ ಕೊಂಬೆಯತ್ತ ಹೊರಟಿದ್ದರೆ ವಿಷದ ಪುಡಿ ಹಾಕದೆ, ಅವು ದಾಟಿ ಬರುವ ಪಕ್ಕದ ಮರದ ಕೊಂಬೆಯನ್ನು ಸವರಿ ದಾರಿ ತಪ್ಪಿಸಬೇಕು. ಬೆಕ್ಕು ಹಾರಿ ತಲುಪುವ ಕುರ್ಚಿ, ಮೇಜು, ಕಟ್ಟಿಗೆ ರಾಶಿ ಗೂಡಿನ ಕೆಳಗಿದ್ದರೆ ತೆಗೆಯಬೇಕು.

ಹಂತ 9: ಗೂಡು ಬಿದ್ದರೆ, ಮರಿ ನೆಲದಲ್ಲಿ ಸಿಕ್ಕಿದರೆ

ಮಳೆಗಾಳಿಗೆ ಗೂಡು ಕಳಚಿ ಬಿದ್ದು ಮರಿಗಳು ಬದುಕಿದ್ದರೆ, ಗೆರಟೆಯ ತಳಕ್ಕೆ ಮೂರು ತೂತು ಕೊರೆದು, ಒಣ ತೆಂಗಿನ ನಾರು ಹಾಸಿ, ಬಿದ್ದ ಗೂಡನ್ನು ಬಾಗಿಲು ಮೇಲ್ಮುಖವಾಗದಂತೆ ಅದರಲ್ಲಿ ಕೂರಿಸಿ, ನಾರಿನ ಹಗ್ಗದಿಂದ ಮೊದಲಿನ ಜಾಗದ ಮೂರು ಅಡಿಯೊಳಗೆ, ಮಳೆ-ಬಿಸಿಲು ತಾಗದಂತೆ ತೂಗುಹಾಕಬೇಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ತೂಗುಹಾಕಿ ದೂರ ಸರಿದು ಒಂದೆರಡು ಗಂಟೆ ಕಾದರೆ ಹೆಚ್ಚಿನ ಸಲ ತಾಯಿ ಹುಡುಕಿಕೊಂಡು ಬರುತ್ತದೆ.

ಗರಿ ಪೂರ್ತಿ ಬಂದ ಮರಿ ನೆಲದಲ್ಲೋ ತಗ್ಗಿನ ಪೊದೆಯಲ್ಲೋ ಕೂತಿದ್ದರೆ ಅದು ಹಾರಲು ಕಲಿಯುತ್ತಿದೆ, ಅನಾಥವಲ್ಲ. ಬೆಕ್ಕು ತಲುಪದ ಹತ್ತಿರದ ಪೊದೆಗೆ ಎತ್ತಿ ಕೂರಿಸಿದರೆ ಸಾಕು. ಬಾಯಿ ಬಿಡಿಸಿ ನೀರು ಹನಿಸಬಾರದು, ಅದು ಶ್ವಾಸನಾಳಕ್ಕೆ ಹೋಗಿ ಮರಿ ಸಾಯುತ್ತದೆ. ಹಾಲು, ಅನ್ನದ ಅಗುಳು ಕೂಡ ಬೇಡ. ಕತ್ತಲಾದರೂ ತಾಯಿಯ ಸುಳಿವಿಲ್ಲದಿದ್ದರೆ, ಅಥವಾ ಬೆಕ್ಕಿನ ಹಲ್ಲು ತಾಗಿದ್ದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಿಳಿಸಬೇಕು.

ಮರಿಗಳು ಹಾರಿಹೋದ ಮೇಲೆ ಖಾಲಿ ಗೂಡನ್ನು ಶೋಕೇಸಿಗೆಂದು ಬಿಡಿಸಿ ತರಬೇಡಿ. ಹಳದಿ ಹೊಟ್ಟೆಯ ಸೂರಕ್ಕಿ ಕೆಲವೊಮ್ಮೆ ಹಳೆಯ ಗೂಡನ್ನೇ ಮತ್ತೆ ಬಳಸುವುದುಂಟು, ಬಳಸದಿದ್ದರೂ ಅದರ ನಾರನ್ನು ಬಿಚ್ಚಿಕೊಂಡು ಹೋಗಲು ಬೇರೆ ಹಕ್ಕಿಗಳು ಬರುತ್ತವೆ. ಬಟ್ಟೆ ಒಣಹಾಕಲು ಅಲ್ಲಿಯ ತನಕ ಇನ್ನೊಂದು ಹಗ್ಗ ಕಟ್ಟಿಕೊಳ್ಳಿ.